ಸಮೋವಾ ವಂಶಾವಳಿ ವರದಿಯ ತಪ್ಪುಗಳು ಮತ್ತು ಅನುಮತಿಯಿಲ್ಲದ ಪ್ರಕಟಣೆಯ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ವಂಶಾವಳಿ ಸಂಶೋಧನಾ ವಿಭಾಗ,
ಬೆಂಗಳೂರು.

ವಿಷಯ: ವರದಿಯನ್ನು ತಿರಸ್ಕರಿಸಿ ಶುಲ್ಕ ವಾಪಸ್ ಕೇಳುವ ಬಗ್ಗೆ, ಅಂತರಜಾಲದಲ್ಲಿ ಹಾಕಿರುವ ನಮ್ಮ ವಂಶವೃಕ್ಷವನ್ನು ಕೂಡಲೇ ತೆಗೆಯುವ ಬಗ್ಗೆ.

ಮಾನ್ಯರೇ,

ನನ್ನ ಪತಿಯ ಮನೆತನದ ಬಗ್ಗೆ ನೀವು ಸಿದ್ಧಪಡಿಸಿದ ವರದಿ ಆಕ್ಲೆಂಡಿನ ನಮ್ಮ ಮನೆಗೆ ತಲುಪಿದೆ. ಅದನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಪತಿ ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾದವರು, ಅವರ ಹಿರಿಯರು ಸವಾಯಿ ದ್ವೀಪದವರು. ವಯಸ್ಸಾದ ಅತ್ತೆಯವರು ಇರುವಾಗಲೇ ಅವರು ಹೇಳುವ ಹೆಸರುಗಳನ್ನು ದಾಖಲೆಗಳ ಜೊತೆ ತಾಳೆ ನೋಡಿ ಮಕ್ಕಳಿಗೆ ಒಪ್ಪಿಸಬೇಕು ಎಂಬುದು ನನ್ನ ಆಸೆಯಾಗಿತ್ತು. ನಮ್ಮ ನಡುವಿನ ಮಾತುಕತೆಯೆಲ್ಲ ಕನ್ನಡದಲ್ಲೇ ನಡೆದಿದ್ದರಿಂದ ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಪತಿಯ ಮುತ್ತಜ್ಜ ಇಯೋಸೆಫಾ ತೀರಿಕೊಂಡದ್ದು 1918ರ ನವೆಂಬರಿನಲ್ಲಿ. ಆ ತಿಂಗಳ 7ರಂದು ಆಕ್ಲೆಂಡಿನ ಕಡೆಯಿಂದ ಬಂದ ತಾಲೂನೆ ಎಂಬ ಹಡಗು ಸಮೋವಾದ ಅಪಿಯಾ ಬಂದರಿಗೆ ಇನ್‌ಫ್ಲುಯೆಂಜಾ ತಂದಿತು. ಪಶ್ಚಿಮ ಸಮೋವಾದಲ್ಲಿ ಸುಮಾರು 8,500 ಜನ, ಅಂದರೆ ಜನಸಂಖ್ಯೆಯ ಐದನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ, ಅದಕ್ಕೆ ಬಲಿಯಾದರು. ಮುತ್ತಜ್ಜನೂ ಅವರಲ್ಲಿ ಒಬ್ಬರು. ಆಗ ಸಮೋವಾ ನ್ಯೂಜಿಲೆಂಡಿನ ಆಡಳಿತದಲ್ಲಿತ್ತು; ಆ ಆಡಳಿತದಲ್ಲಿ ಆದ ಇಂಥ ಅನ್ಯಾಯಗಳಿಗಾಗಿ ನ್ಯೂಜಿಲೆಂಡಿನ ಅಂದಿನ ಪ್ರಧಾನಿ ಹೆಲೆನ್ ಕ್ಲಾರ್ಕ್ 2002ರಲ್ಲಿ ಕ್ಷಮೆ ಕೇಳಿದ್ದಾರೆ. ನಿಮ್ಮ ವರದಿ ಮಾತ್ರ, 'ಇವರು 1962ರಲ್ಲಿ ನ್ಯೂಜಿಲೆಂಡಿನ ಹ್ಯಾಮಿಲ್ಟನ್ ದೇವಾಲಯದಲ್ಲಿ ದೀಕ್ಷಾಸ್ನಾನ ಪಡೆದು ಮಾರ್ಮನ್ ಸಭೆಗೆ ಸೇರಿದರು. 1918ರ ಸಾವು ಕುಟುಂಬದವರ ತಪ್ಪು ನೆನಪು' ಎನ್ನುತ್ತದೆ. ಅತ್ತೆಯವರಿಗೆ ಈ ಸಾಲನ್ನು ಓದಿ ಹೇಳಲು ನನಗೆ ಬಾಯಿ ಬರಲಿಲ್ಲ.

ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಗಡವಾದ ಮಾರ್ಮನ್ ಸಭೆಯ ದಾಖಲೆಗಳನ್ನು ಮುಟ್ಟುವವರು ಮೊದಲು ತಿಳಿದಿರಬೇಕಾದ ಸಂಗತಿ ಒಂದಿದೆ. ಆ ಸಭೆಯಲ್ಲಿ ಮೃತರ ಪರವಾಗಿ ಬದುಕಿರುವವರು ನಿಂತು ದೀಕ್ಷಾಸ್ನಾನ ಪಡೆಯುತ್ತಾರೆ. ಗಂಡಹೆಂಡಿರನ್ನು, ತಂದೆತಾಯಿ ಮಕ್ಕಳನ್ನು ಶಾಶ್ವತವಾಗಿ ಬೆಸೆಯುವ ಸೀಲಿಂಗ್ ಎಂಬ ವಿಧಿಯನ್ನೂ ಮೃತರ ಪರವಾಗಿ ಮಾಡುತ್ತಾರೆ. ಹ್ಯಾಮಿಲ್ಟನ್ ದೇವಾಲಯ ತೆರೆದದ್ದು 1958ರಲ್ಲಿ. ಅಪಿಯಾದಲ್ಲೇ ದೇವಾಲಯವಾದದ್ದು 1983ರಲ್ಲಿ. ಅಲ್ಲಿಯವರೆಗೆ ಸಮೋವಾದ ಎಷ್ಟೋ ಭಕ್ತರು ಹಿರಿಯರ ಹೆಸರುಗಳನ್ನು ಹಿಡಿದು ಹ್ಯಾಮಿಲ್ಟನ್ನಿಗೆ ಹೋಗುತ್ತಿದ್ದರು. ಸಭೆಗೆ ಸೇರಿದ್ದ ಯಾರೋ ದೂರದ ಸಂಬಂಧಿಕರು ಮುತ್ತಜ್ಜನ ಹೆಸರನ್ನೂ ಹೀಗೆಯೇ ಕೊಟ್ಟಿರಬೇಕು. 1962 ಎನ್ನುವುದು ಆ ವಿಧಿ ನಡೆದ ವರ್ಷ. ಗಯೆಯಲ್ಲಿ ಪಿಂಡ ಇಟ್ಟ ದಿನಾಂಕ ನೋಡಿ ಅಜ್ಜ ಆ ದಿನ ಗಯೆಯಲ್ಲಿ ಬದುಕಿದ್ದರು ಎಂದು ಬರೆಯುವವರನ್ನು ನಾವು ಏನೆನ್ನುತ್ತೇವೆ? ನೀವು ಮಾಡಿರುವುದು ಅದನ್ನೇ. ಅಷ್ಟಕ್ಕೂ ಬದುಕಿದ್ದವರಿಗೆ ದೀಕ್ಷಾಸ್ನಾನ ಅವರ ಊರಿನಲ್ಲೇ ಆಗುತ್ತಿತ್ತು, ಅದಕ್ಕಾಗಿ ಯಾರೂ ಸಮುದ್ರ ದಾಟಬೇಕಾಗಿರಲಿಲ್ಲ. ಮುತ್ತಜ್ಜನಂತೂ ಜೀವಮಾನವಿಡೀ 1830ರಲ್ಲಿ ಜಾನ್ ವಿಲಿಯಮ್ಸ್ ತಂದ ಲಂಡನ್ ಮಿಷನ್ನಿನ ಸಭೆಯಲ್ಲಿದ್ದವರು. ಮನೆಯವರು ಇಂದಿಗೂ ಅದೇ ಸಭೆಯಲ್ಲಿದ್ದಾರೆ.

ವರದಿಗೆ ನೀವು ಲಗತ್ತಿಸಿರುವ, ಮಾರ್ಮನ್ ವಿಧಿಗಳನ್ನು ಪಟ್ಟಿ ಮಾಡಿದ ಹಳೆಯ ಸೂಚಿಯ ಪುಟವನ್ನೇ ತೆರೆದು ನೋಡಿ. ಮುತ್ತಜ್ಜನ ತಂಗಿಯ ಹೆಸರಿನ ಎದುರು, ದೀಕ್ಷಾಸ್ನಾನದ ಅಂಕಣದಲ್ಲಿ, ದಿನಾಂಕದ ಬದಲು 'ಚೈಲ್ಡ್' ಎಂದು ಅಚ್ಚಾಗಿದೆ. ನೀವು ಅದನ್ನು 'ಬಾಲ್ಯದಲ್ಲೇ ಸಭೆಗೆ ಸೇರಿದಳು' ಎಂದು ಬರೆದಿದ್ದೀರಿ. ಎಂಟು ವರ್ಷ ತುಂಬುವ ಮೊದಲೇ ತೀರಿಕೊಂಡ ಮಕ್ಕಳಿಗೆ ದೀಕ್ಷಾಸ್ನಾನದ ಅಗತ್ಯವಿಲ್ಲ ಎಂಬುದು ಆ ಸಭೆಯ ನಂಬಿಕೆ. ಆ ಗುರುತು ಸೂಚಿಸುವುದು ಅದನ್ನೇ. ಮಗು ಸತ್ತುಹೋಗಿತ್ತು ಎನ್ನುವುದಕ್ಕೆ ಕಾಗದದ ಮೇಲೆ ನಮಗಿರುವ ಒಂದೇ ಒಂದು ಕುರುಹು ಅದು. ಆ ಮಗುವಿಗೆ ನೀವು ಮದುವೆಯನ್ನೂ ಮಾಡಿಸಿ ಇಬ್ಬರು ಮಕ್ಕಳನ್ನು ಸೇರಿಸಿದ್ದೀರಿ.

ಇನ್ನೊಂದು ಅಧ್ಯಾಯದಲ್ಲಿ ಇದೇ ಮುತ್ತಜ್ಜ ಅಮೆರಿಕದ ಯುಟಾದಲ್ಲಿದ್ದಾರೆ! ಸ್ಕಲ್ ಕಣಿವೆಯ ಇಯೋಸೆಪಾ ಎಂಬ ಊರಿನಲ್ಲಿ 1889ರಿಂದ 1917ರವರೆಗೆ ಪಾಲಿನೇಷ್ಯದ, ಅಂದರೆ ಪೆಸಿಫಿಕ್ ದ್ವೀಪಗಳ, ಮಾರ್ಮನ್ ಭಕ್ತರು ನೆಲೆಸಿದ್ದದ್ದು ನಿಜ. ಅವರಲ್ಲಿ ಬಹುಪಾಲು ಹವಾಯಿಯವರು. ಹವಾಯಿಯ ಲಾಯಿಯೆಯಲ್ಲಿ ದೇವಾಲಯ ಕಟ್ಟುವ ಸುದ್ದಿ ಬಂದ ಮೇಲೆ ಹೆಚ್ಚಿನವರು ಊರಿಗೆ ಮರಳಿದರು. ಹೆಸರು ಹೊಂದಿಕೆಯಾಯಿತು ಎಂಬುದೊಂದನ್ನು ಬಿಟ್ಟರೆ ನಮ್ಮ ಮುತ್ತಜ್ಜನನ್ನು ಅಲ್ಲಿಗೆ ಕಳುಹಿಸಲು ನಿಮ್ಮ ಬಳಿ ಯಾವ ಆಧಾರವೂ ಇಲ್ಲ. ಬೈಬಲಿನಿಂದ ಬಂದ ಹೆಸರು ಅದು, ಸಮೋವಾದ ಹಳ್ಳಿಹಳ್ಳಿಯಲ್ಲಿ ಸಿಗುತ್ತದೆ. ಮತಾಯಿ ಪದವಿ, ಅಂದರೆ ಮನೆತನದ ಮುಖ್ಯಸ್ಥನ ಪದವಿ, ಸಿಕ್ಕಿದವರು ಆ ಪದವಿಯ ಹೆಸರಿನಿಂದಲೇ ಕರೆಯಿಸಿಕೊಳ್ಳುತ್ತಾರೆ ಎಂಬುದನ್ನೂ ನೀವು ವಿಚಾರಿಸಿಲ್ಲ. ಹಾಗಾಗಿ ಒಬ್ಬರೇ ಮನುಷ್ಯ ನಿಮ್ಮ ನಕ್ಷೆಯಲ್ಲಿ ತಂದೆಯೂ ಆಗಿದ್ದಾರೆ, ಮಗನೂ ಆಗಿದ್ದಾರೆ. ಇಲ್ಲದ ಒಂದು ತಲೆಮಾರು ಹುಟ್ಟಿಕೊಂಡಿದೆ. ಇದನ್ನೆಲ್ಲ ತಪ್ಪಿಸಲು ಅತ್ತೆಯವರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಅವರ ನಂಬರನ್ನು ನಾನೇ ಕೊಟ್ಟಿದ್ದೆ.

ಪಾಲಿನೇಷ್ಯದ ವಂಶಾವಳಿಗಳಿಗೆ ಒಳ್ಳೆಯ ಆಕರಗಳಿಲ್ಲ ಎಂದು ನೀವು ಹೇಳುವಂತಿಲ್ಲ. ಹಿರಿಯರ ಬಾಯಿಂದ ಕೇಳಿ ಬರೆದುಕೊಂಡ ವಂಶಾವಳಿಗಳ ಕೋಲ್-ಜೆನ್ಸನ್ ಸಂಗ್ರಹವಿದೆ. 1888ರಿಂದ ಸಮೋವಾದಲ್ಲಿ ನೆಲೆಯೂರಿದ ಮಾರ್ಮನ್ ಮಿಷನ್ನಿನ ಸದಸ್ಯರ ಪುಸ್ತಕಗಳಿವೆ. ಬದುಕಿದ್ದಾಗ ಸೇರಿದವರ ವಿವರ ಸಿಗುವುದು ಅವುಗಳಲ್ಲಿ. ನಿಮ್ಮ ವರದಿಯಲ್ಲಿ ಇವೆರಡರ ಪ್ರಸ್ತಾಪವೇ ಇಲ್ಲ. ದೇವಾಲಯಕ್ಕೆ ಮುತ್ತಜ್ಜನ ಹೆಸರನ್ನು ಕೊಟ್ಟವರು ಯಾರು ಎಂದೂ ನೀವು ಹುಡುಕಿಲ್ಲ. ಅದು ಗೊತ್ತಾಗಿದ್ದರೆ ನಮಗೆ ಕಳೆದುಹೋದ ಒಂದು ಕವಲಿನ ನೆಂಟರು ಸಿಗುತ್ತಿದ್ದರು. ವಿಧಿಗಳ ದಾಖಲೆಯಿಂದ ನಾನು ನಿರೀಕ್ಷಿಸಿದ್ದ ನಿಜವಾದ ಲಾಭ ಅದೇ ಆಗಿತ್ತು.

ತಪ್ಪುಗಳನ್ನು ತಿದ್ದಬಹುದು. ನಮ್ಮನ್ನು ಕೇಳದೆ ಇಡೀ ವಂಶವೃಕ್ಷವನ್ನು ಸಾರ್ವಜನಿಕ ಜಾಲತಾಣಕ್ಕೆ ಏರಿಸಿದ್ದೀರಲ್ಲ, ಅದನ್ನು ಸಹಿಸಲಾರೆ. ಸಮೋವಾದ ಬಹುಪಾಲು ನೆಲ ಇಂದಿಗೂ ಕುಟುಂಬಗಳ ಸಾಂಪ್ರದಾಯಿಕ ಒಡೆತನದಲ್ಲಿದೆ. ಮತಾಯಿ ಪದವಿ ಯಾರಿಗೆ, ನೆಲದ ಹಕ್ಕು ಯಾರಿಗೆ ಎಂಬ ತಕರಾರುಗಳು ಭೂಮಿ ಮತ್ತು ಪದವಿಗಳ ನ್ಯಾಯಾಲಯಕ್ಕೆ ಹೋಗುತ್ತವೆ, ಅಲ್ಲಿ ವಂಶಾವಳಿಯೇ ಸಾಕ್ಷಿ. ಅದಕ್ಕೇ ಹಿರಿಯರು ಅದನ್ನು ಕಂಡಕಂಡವರ ಮುಂದೆ ಹೇಳುವುದಿಲ್ಲ. ಅತ್ತೆಯವರು ನನ್ನನ್ನು ನಂಬಿ ಹೇಳಿದರು, ನಾನು ನಿಮ್ಮನ್ನು ನಂಬಿ ಕೊಟ್ಟೆ. ನೀವು ಸೃಷ್ಟಿಸಿದ ಸುಳ್ಳು ತಲೆಮಾರು ನಾಳೆ ಯಾರದೋ ಅರ್ಜಿಗೆ ಆಧಾರವಾಗಬಹುದು. ಬದುಕಿರುವ ಅತ್ತೆಯವರ ಜನ್ಮದಿನಾಂಕವೂ ಅಲ್ಲಿ ಎಲ್ಲರಿಗೂ ಕಾಣುತ್ತಿದೆ.

ಆದ್ದರಿಂದ ಈ ಪತ್ರ ತಲುಪಿದ ಮೂರು ದಿನಗಳೊಳಗೆ ಆ ವಂಶವೃಕ್ಷವನ್ನು ತೆಗೆದುಹಾಕಿ, ಅದನ್ನು ಬೇರೆ ಯಾರಿಗೆಲ್ಲ ಕೊಟ್ಟಿದ್ದೀರಿ ಎಂದು ಲಿಖಿತವಾಗಿ ತಿಳಿಸಿ. 1962ರ ದಿನಾಂಕ ನಿಮಗೆ ಎಲ್ಲಿಂದ ಸಿಕ್ಕಿತು ಎಂಬುದಕ್ಕೂ ಸ್ಪಷ್ಟ ಉತ್ತರ ಬೇಕು. ಮಾರ್ಮನ್ ಸಭೆಯ ವಂಶಾವಳಿ ಜಾಲತಾಣವಾದ ಫ್ಯಾಮಿಲಿಸರ್ಚ್‌ನಲ್ಲಿ ದೇವಾಲಯದ ವಿಧಿಗಳ ವಿವರ ಸಭೆಯ ಸದಸ್ಯರಿಗೆ ಮಾತ್ರ ಕಾಣುತ್ತದೆ; 'ಸಭೆಯ ಅಧಿಕೃತ ದಾಖಲೆ' ಎಂಬ ಎರಡು ಮಾತಿನ ಸಮಜಾಯಿಷಿ ಸಾಲದು. ನಾನು ಕಳುಹಿಸಿದ ಅತ್ತೆಯವರ ಧ್ವನಿಮುದ್ರಣದ ಎಲ್ಲ ಪ್ರತಿಗಳನ್ನೂ ಅಳಿಸಬೇಕು. ಶುಲ್ಕವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು. ತಿದ್ದಿದ ವರದಿ ಬೇಡ, ಈ ಕೆಲಸವನ್ನು ಮತ್ತೆ ನಿಮ್ಮ ಕೈಗೆ ಕೊಡುವುದಿಲ್ಲ.

ಹದಿನೈದು ದಿನಗಳಲ್ಲಿ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಬೆಂಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಒಪ್ಪಂದದ ಪ್ರತಿ, ಹಣ ಪಾವತಿಸಿದ ರಸೀದಿ ಮತ್ತು ತಪ್ಪುಗಳನ್ನು ಗುರುತು ಮಾಡಿದ ವರದಿಯ ಪುಟಗಳನ್ನು ಲಗತ್ತಿಸಿದ್ದೇನೆ.

ಇತಿ,
ನಿಮ್ಮ ಗ್ರಾಹಕಿ,
ಆಕ್ಲೆಂಡ್