ಹಿಂದಿನ ಸಾಲಿನಲ್ಲಿ ಕೂತ ಅಕ್ಕನಿಗೆ, ಮತ್ತೆ ನಿಮಗೆಲ್ಲರಿಗೂ

ನಮ್ಮ ಭಾನುವಾರದ ಮಾತಿನ ತರಗತಿಯ ಮಕ್ಕಳು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಮೊದಲ ಸಲ ಬಡಾವಣೆಯ ಜನರ ಮುಂದೆ ನಿಂತು ಆಟೋ, ಕ್ಯಾಬ್ ಆ್ಯಪ್‌ಗಳ ಪರ, ವಿರುದ್ಧ ಚರ್ಚೆ ಮಾಡಿದರು. ಕೈಯಲ್ಲಿ ಹಾಳೆ ಇರಲಿಲ್ಲ. ಬಾಯಿಪಾಠವೂ ಇರಲಿಲ್ಲ. ಒಬ್ಬರೂ ಅರ್ಧಕ್ಕೆ ನಿಲ್ಲಿಸಿ ಕೆಳಗಿಳಿಯಲಿಲ್ಲ. ಜೂನ್‌ನಲ್ಲಿ ಹೆಸರು ಕೇಳಿದರೂ ನೆಲ ನೋಡುತ್ತಿದ್ದ ಮಕ್ಕಳು ಇವರು. ನನಗೆ ಇನ್ನೂ ನಂಬೋಕೆ ಆಗುತ್ತಿಲ್ಲ.

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಊಟ ಸೇರುತ್ತಿದೆ, ಕೋಲು ಹಿಡಿದು ಗೇಟಿನವರೆಗೆ ನಡೆಯುತ್ತಾರೆ. ಆಸ್ಪತ್ರೆಯ ಕಥೆ ನಿಮಗೆಲ್ಲ ಗೊತ್ತೇ ಇದೆ, ಅದನ್ನು ಪೂರ್ತಿ ಮತ್ತೆ ಬರೆಯುವುದಿಲ್ಲ. ಈ ಎರಡೂ ಒಟ್ಟೊಟ್ಟಿಗೆ ನಡೆದವು, ಎರಡೂ ನನ್ನೊಬ್ಬಳ ಕೈಲಿ ಆಗುವಂಥದ್ದಲ್ಲ. ಅದಕ್ಕೇ ಈ ಬರಹ.

ಸಮುದಾಯ ಭವನವನ್ನು ಬಾಡಿಗೆ ಇಲ್ಲದೆ ಕೊಟ್ಟ ಸಂಘದವರಿಗೆ, ಮೈಕು ತಂದ ಹುಡುಗರಿಗೆ, ರಕ್ತ ಕೊಟ್ಟ ಪಕ್ಕದ ಬೀದಿಯ ಇಬ್ಬರಿಗೆ, ಕ್ಯಾರಿಯರ್‌ನಲ್ಲಿ ಊಟ ಕಳಿಸಿದ ಮೂರನೇ ಕ್ರಾಸಿನ ಎಲ್ಲ ಮನೆಯವರಿಗೆ, ನನ್ನ ಶಾಲೆಯ ಪಿರಿಯಡ್‌ಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ ನನ್ನ ನಮಸ್ಕಾರ. ನಿಮ್ಮ ಋಣ ದೊಡ್ಡದು.

ವಿಷಯ ಹೇಗೆ ಹುಟ್ಟಿತು ಅಂತ ತುಂಬಾ ಜನ ಕೇಳಿದ್ದೀರಿ. ಮಕ್ಕಳಿಗೆ ಭಾಷಣ ಅಂದ ಕೂಡಲೇ ಪರಿಸರ, ಮೊಬೈಲ್ ದುಷ್ಪರಿಣಾಮ, ಸಮಯದ ಮಹತ್ವ. 'ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ' ಅಂತ ಶುರು ಮಾಡಿ, ದೊಡ್ಡವರು ಬರೆದುಕೊಟ್ಟದ್ದನ್ನು ಒಂದೇ ಉಸಿರಿಗೆ ಒಪ್ಪಿಸಿ ಇಳಿದುಬಿಡುತ್ತವೆ. ಒಂದು ಭಾನುವಾರ ಮಳೆ. ತಡವಾಗಿ ಬಂದ ಹುಡುಗಿಯೊಬ್ಬಳು, 'ಆಟೋದವರು ಮೀಟರ್ ಮೇಲೆ ಐವತ್ತು ಕೇಳಿದ್ರು, ಆ್ಯಪ್‌ನಲ್ಲಿ ಅದಕ್ಕಿಂತ ಜಾಸ್ತಿ ತೋರಿಸ್ತು, ನಡ್ಕೊಂಡೇ ಬಂದೆ ಮಿಸ್' ಅಂದಳು. ಅಷ್ಟು ಸಾಕಾಯಿತು. ಮೂಲೆಯ ಹುಡುಗ ಎದ್ದು 'ನಮ್ಮ ಚಿಕ್ಕಪ್ಪ ಕ್ಯಾಬ್ ಓಡಿಸ್ತಾರೆ, ಅವರಿಗೆ ಎಷ್ಟು ಉಳಿಯುತ್ತೆ ಗೊತ್ತಾ ನಿಂಗೆ?' ಅಂತ ಜೋರು ಮಾಡಿದ. ಆ ಮಗು ಅಲ್ಲಿಯವರೆಗೆ ತರಗತಿಯಲ್ಲಿ ಒಂದು ವಾಕ್ಯ ಪೂರ್ತಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮಕ್ಕಳಿಗೆ ಮಾತು ಬರಲ್ಲ ಅನ್ನುವುದು ಸುಳ್ಳು. ತಮಗೆ ಗೊತ್ತಿರುವ ವಿಷಯವನ್ನು ಯಾರೂ ಕೇಳುವುದಿಲ್ಲ, ಅಷ್ಟೇ.

ಆಮೇಲೆ ಅವರೇ ಓಡಾಡಿ ವಿಷಯ ತಂದರು. ಬೋರ್ಡಿನ ಮೇಲೆ ಲೆಕ್ಕ ಹಾಕಿದರು: 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಆಟೋಗೆ ಮೊದಲ ಎರಡು ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ಹಾಗಾದರೆ ಆರು ಕಿಲೋಮೀಟರ್‌ಗೆ 108. ಹಿಂದೆ 30 ಮತ್ತು 15 ಇದ್ದಾಗ ಅದೇ ದೂರಕ್ಕೆ 90. 2022ರಲ್ಲಿ ಕಿರುದೂರಕ್ಕೂ ಆ್ಯಪ್‌ಗಳು ನೂರು ರೂಪಾಯಿ ತನಕ ತೆಗೆದುಕೊಳ್ಳುತ್ತವೆ ಅಂತ ಜನ ದೂರಿದ್ದು, ಆ ಅಕ್ಟೋಬರ್‌ನಲ್ಲಿ ಸಾರಿಗೆ ಇಲಾಖೆ ಓಲಾ, ಊಬರ್, ರ‍್ಯಾಪಿಡೋಗಳಿಗೆ ಆಟೋ ಸೇವೆ ನಿಲ್ಲಿಸಿ ಅಂದಿದ್ದು, ವಿಷಯ ಹೈಕೋರ್ಟಿಗೆ ಹೋಗಿದ್ದು, ಸರ್ಕಾರ ಆ್ಯಪ್‌ಗಳ ಕಮಿಷನ್ ಶೇಕಡ 5 ಅಂತ ನಿಗದಿ ಮಾಡಿದ್ದು. ಅದೇ ವರ್ಷ ಚಾಲಕರ ಒಕ್ಕೂಟದ ಜೊತೆ ಸೇರಿ ಕಮಿಷನ್ ಇಲ್ಲದ 'ನಮ್ಮ ಯಾತ್ರಿ' ಆ್ಯಪ್ ಬಂದಿದ್ದು. ರಾಜ್ಯದ 2025ರ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ದುಡಿಯುವವರ, ಕಾಯ್ದೆಯಲ್ಲಿ ಅವರಿಗೆ ಹೋಗುವ ಪ್ರತಿ ಪಾವತಿಯ ಮೇಲೆ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಹಾಕಲು ಅವಕಾಶ ಇರುವುದು. ಒಬ್ಬ ಹುಡುಗನ ಅಣ್ಣ ಬೈಕ್ ಟ್ಯಾಕ್ಸಿ ಓಡಿಸುತ್ತಿದ್ದರು. 2025ರ ಜೂನ್ 16ರಿಂದ ಅದನ್ನು ನಿಲ್ಲಿಸಬೇಕು ಅಂತ ಆದಾಗ ಮನೆಯಲ್ಲಿ ಏನಾಯಿತು ಅಂತ ಅವನು ಹೇಳಿದ ದಿನ ನಾವು ಬೇರೆ ಅಭ್ಯಾಸ ಏನೂ ಮಾಡಲಿಲ್ಲ. ಅವನು ಹೇಳಿದ್ದನ್ನು ಕೇಳಿಕೊಂಡು ಕೂತಿದ್ದೆವು.

ಈಗ ಅಕ್ಕನ ವಿಷಯ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ದೇವಸ್ಥಾನದ ಪಕ್ಕ ಹೂವು ಮಾರುತ್ತಾರೆ. ಅವರ ಯಜಮಾನರು ಆಟೋ ಓಡಿಸುತ್ತಾರೆ. ಎಂಟನೇ ಕ್ಲಾಸಿನ ಮಗಳು ನಮ್ಮ ತರಗತಿಗೆ ಬರುತ್ತಾಳೆ. ಮಗಳನ್ನು ಬಿಡೋಕೆ ಬಂದವರು ಬಿಸಿಲು ಇಳಿಯಲಿ ಅಂತ ಹಿಂದಿನ ಸಾಲಿನಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದರು. ಒಂದು ದಿನ ತಲೆ ಎತ್ತದೆ, 'ಏನು ಹೇಳ್ದೋ ಗೊತ್ತಾಗ್ಲಿಲ್ಲ ಕಣಪ್ಪಾ, ಇನ್ನೊಂದ್ಸಲ ಹೇಳು' ಅಂದರು. ಹುಡುಗ 'ಸರ್ಜ್ ಪ್ರೈಸಿಂಗ್' ಅಂತ ಏನೋ ಹೇಳುತ್ತಿದ್ದ. 'ಅಂದ್ರೆ?' ಅವನು ತಡವರಿಸಿ, 'ಜನ ಜಾಸ್ತಿ, ಗಾಡಿ ಕಮ್ಮಿ ಇದ್ದಾಗ ರೇಟು ಏರಿಸೋದು' ಅಂದ. 'ಓ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಾನು ಮಾಡೋದು ಅಲ್ವಾ? ಹಂಗಂದ್ರೆ ನಾನೂ ತಪ್ಪು ಮಾಡ್ತಿದೀನಾ?' ಹುಡುಗ ಯೋಚನೆಗೆ ಬಿದ್ದ. ಆ ಪ್ರಶ್ನೆ ಎರಡು ವಾರ ತರಗತಿಯನ್ನು ಬಿಡಲಿಲ್ಲ. ನೀವು ಮಾರ್ಕೆಟ್ಟಿನಿಂದ ಜಾಸ್ತಿ ಕೊಟ್ಟು ತರ್ತೀರ, ಆ್ಯಪ್ ಏನು ಜಾಸ್ತಿ ಕೊಟ್ಟು ತರುತ್ತೆ ಅಂತ ಒಬ್ಬಳು. ಏರಿದ್ದರಲ್ಲಿ ಡ್ರೈವರ್‌ಗೆ ಎಷ್ಟು ಹೋಗುತ್ತೆ ಅನ್ನೋದೇ ಮುಖ್ಯ ಅಂತ ಇನ್ನೊಬ್ಬ. ಕೇಂದ್ರದ 2025ರ ಮಾರ್ಗಸೂಚಿ ಮೂಲ ದರದ ಎರಡು ಪಟ್ಟು ತನಕ ಏರಿಸಬಹುದು ಅನ್ನುತ್ತದೆ ಅಂತ ಹುಡುಕಿ ತಂದವಳು ಮತ್ತೊಬ್ಬಳು. ಅಂದಿನಿಂದ ನಮ್ಮಲ್ಲಿ ಒಂದು ನಿಯಮ: ಹಿಂದಿನ ಸಾಲಿನ ಅಕ್ಕನಿಗೆ ಕೇಳಿಸಬೇಕು, ಅಕ್ಕನಿಗೆ ಅರ್ಥ ಆಗಬೇಕು.

ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ ಅವರಿಗೆ ಜಾಸ್ತಿ ಆದಾಗ ಹನ್ನೊಂದೂವರೆ ದಾಟಿತ್ತು. ಆಂಬುಲೆನ್ಸ್ ತಡ ಅಂದರು. ಆ್ಯಪ್‌ನಲ್ಲಿ ಒಪ್ಪಿದ ಗಾಡಿ ಹತ್ತಿರ ಬಂದು ಕ್ಯಾನ್ಸಲ್ ಆಯಿತು, ಇನ್ನೊಂದು ಸಿಗಲಿಲ್ಲ. ನಾನು ಅಕ್ಕನಿಗೆ ಫೋನ್ ಮಾಡಿದೆ. ಯಾಕೆ ಅವರಿಗೇ ಮಾಡಿದೆ ಅಂತ ಈಗಲೂ ಗೊತ್ತಿಲ್ಲ. ನೈಟಿಯ ಮೇಲೆ ಟವೆಲ್ ಹೊದ್ದುಕೊಂಡೇ ಯಜಮಾನರ ಆಟೋದಲ್ಲಿ ಬಂದರು. ಮೆಟ್ಟಿಲಿನಿಂದ ಅಮ್ಮನನ್ನು ಇಳಿಸಿದ್ದು ಅವರಿಬ್ಬರು, ನನ್ನ ಕೈಕಾಲು ಆಡುತ್ತಿರಲಿಲ್ಲ.

ಆಟೋ ಅಣ್ಣ, ಅಕ್ಕನ ಯಜಮಾನರು, ನಮ್ಮನ್ನು ಇಳಿಸಿ ಮನೆಗೆ ಹೋದರು, ಮಕ್ಕಳು ಒಂಟಿ ಅಂತ. ಅಕ್ಕ ಹೋಗಲಿಲ್ಲ. ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋಗಿ ಹೂವು ತರಬೇಕಾದವರು ಅವರು. ಹೋಗದಿದ್ದರೆ ಒಂದು ದಿನದ ದುಡಿಮೆ ಇಲ್ಲ. ನಾನು ಹೋಗಿ ಹೋಗಿ ಅಂದೆ. 'ಸುಮ್ನೆ ಕೂತ್ಕೊಳ್ಳಿ ಮಿಸ್' ಅಂದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಇಬ್ಬರಿಗೆ ಒಂದೇ ಕುರ್ಚಿ ಇತ್ತು. ಅವರು ನೆಲದ ಮೇಲೆ ಪೇಪರ್ ಹಾಸಿ ಕೂತರು. ಸಹಿ ಹಾಕಲು ಕರೆದಾಗಲೆಲ್ಲ ನನ್ನ ಜೊತೆ ಎದ್ದು ಬಂದರು. ಹಾಳೆಯಲ್ಲಿ ಏನಿದೆ ಅಂತ ಡಾಕ್ಟರನ್ನು ಕೇಳಿದ್ದು ಅವರು. ತರಗತಿಯಲ್ಲಿ ಕೇಳುವ ಹಾಗೇ ಕೇಳಿದರು: 'ಅರ್ಥ ಆಗ್ಲಿಲ್ಲ ಸಾರ್, ಇನ್ನೊಂದ್ಸಲ ಹೇಳಿ.' ಡಾಕ್ಟರ್ ನಿಂತು ಹೇಳಿದರು.

ಮೂರು ಗಂಟೆಗೆ ನಾನು ಕುಸಿದೆ. ಚರ್ಚೆ ಬೇಡ, ತರಗತಿಯೇ ಬೇಡ, ಮಕ್ಕಳಿಗೆಲ್ಲ ಹೇಳಿಬಿಡಿ ಅಂದೆ. ಅಮ್ಮ ಇಲ್ಲದ ಮನೆಗೆ ಒಬ್ಬಳೇ ಹೋಗಿ ಬೀಗ ತೆಗೆಯುವುದು ಹೇಗೆ ಅಂತ ಗಟ್ಟಿಯಾಗಿ ಅತ್ತೆ. ಸೆಕ್ಯುರಿಟಿಯವರು ಬಂದು ನೋಡಿಹೋದರು. ಅಕ್ಕ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಎಲ್ಲ ಸರಿ ಹೋಗುತ್ತೆ ಅಂತ ಹೇಳಲೇ ಇಲ್ಲ. 'ಅಳಿ' ಅಂದರು. ಆಮೇಲೆ ಎಷ್ಟೋ ಹೊತ್ತಿನ ಮೇಲೆ, 'ಅಮ್ಮ ಚಿಕ್ಕವರಿದ್ದಾಗ ಯಾವ ಊರು ಮಿಸ್?' ಅಂತ ಕೇಳಿದರು. ನಾನು ಹೇಳುತ್ತಾ ಹೋದೆ. ತಿಪಟೂರಿನ ತೆಂಗಿನ ತೋಟ, ಅಜ್ಜನ ಗಾಡಿ, ಅಮ್ಮ ಓದಿಗಾಗಿ ಹಟ ಹಿಡಿದು ಉಪವಾಸ ಕೂತದ್ದು. ಬೆಳಕು ಹರಿಯುವವರೆಗೆ ಅಕ್ಕ ಕೇಳುತ್ತಲೇ ಇದ್ದರು. ಮಕ್ಕಳಿಗೆ ಇಷ್ಟು ವರ್ಷ ಮಾತು ಕಲಿಸಿದವಳು ನಾನು. ಒಬ್ಬರು ಪೂರ್ತಿ ಕೇಳಿಸಿಕೊಂಡರೆ ಎದೆಯ ಭಾರ ಎಷ್ಟು ಇಳಿಯುತ್ತದೆ ಅಂತ ನನಗೆ ತಿಳಿದದ್ದು ಆ ಕಾರಿಡಾರಿನಲ್ಲಿ.

ಮುಂದಿನ ಭಾನುವಾರ ಅಕ್ಕ ನನ್ನಿಂದ ಬೀಗದ ಕೈ ಇಸಿದುಕೊಂಡು ತರಗತಿಯನ್ನು ತಾವೇ ತೆರೆದರು. ಅಲ್ಲಿ ಏನಾಯಿತು ಅಂತ ಮಕ್ಕಳೇ ನನಗೆ ಹೇಳಿದ್ದು. ಅಕ್ಕ ಬೋರ್ಡ್ ಮುಟ್ಟಲಿಲ್ಲವಂತೆ. ಪರ, ವಿರುದ್ಧ ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ, 'ನೀನು ಏನಾದ್ರೂ ಹೇಳೋ ಮುಂಚೆ ಅವಳು ಹೇಳಿದ್ದನ್ನ ನಂಗೆ ಹೇಳು. ಅವಳು ಹೌದು ಅಂದ್ರೆ ಮಾತ್ರ ನಿಂದು ಶುರು ಮಾಡು' ಅಂದರಂತೆ. ಜಗಳ ಬಿಡಿಸುವ ತಾಯಂದಿರೆಲ್ಲ ಮಾಡುವ ಕೆಲಸ ಅದು. ಆದರೆ ಚರ್ಚೆಗೆ ಅದಕ್ಕಿಂತ ಒಳ್ಳೆಯ ತಾಲೀಮು ನನಗೆ ಗೊತ್ತಿಲ್ಲ. ಎದುರಾಳಿಯ ಮಾತನ್ನು ಸರಿಯಾಗಿ ಹೇಳೋಕೆ ಬಂದ ಮಗು ಕಿರುಚುವುದನ್ನು ತಾನಾಗಿ ಬಿಡುತ್ತದೆ.

ಚರ್ಚೆಯ ದಿನ ಇದನ್ನು ನೀವೇ ಕಂಡಿರಿ. ಯಾರು ಯಾವ ಕಡೆ ಅಂತ ಚೀಟಿ ಎತ್ತಿದ್ದೆವು. ಅಕ್ಕನ ಮಗಳಿಗೇ, ಆಟೋ ಓಡಿಸುವವರ ಮಗಳಿಗೇ, ಆ್ಯಪ್ ಪರವಾಗಿ ಬಂತು. ಅವಳಪ್ಪ ಖಾಕಿ ಅಂಗಿಯಲ್ಲೇ ಬಂದು ಕಂಬದ ಪಕ್ಕ ನಿಂತಿದ್ದರು. ಅವಳು ಹೇಳಿದಳು: 'ನಮ್ಮಪ್ಪ ಆಟೋ ಓಡಿಸ್ತಾರೆ. ಆದ್ರೂ ನಮ್ಮಜ್ಜಿ ಒಬ್ಬರೇ ಹೊರಟರೆ ಹತ್ತೋ ಮೊದಲೇ ದುಡ್ಡು ಎಷ್ಟು ಅಂತ ಅವರಿಗೆ ಗೊತ್ತಾಗಬೇಕು. ಗಾಡಿ ಎಲ್ಲಿದೆ ಅಂತ ನಮಗೆ ಕಾಣಬೇಕು.' ಎದುರಿನ ಹುಡುಗ ಅದನ್ನು ಮತ್ತೆ ಹೇಳಿ, ಹೌದು ಅನ್ನಿಸಿಕೊಂಡು, ಕೇಳಿದ: 'ಹಾಗಾದ್ರೆ ಮಳೆ ಬಂದ ದಿನ ಅದೇ ದೂರಕ್ಕೆ ಬೇರೆ ದುಡ್ಡು ಯಾಕೆ?' ಅವಳು ಅಪ್ಪನ ಕಡೆ ನೋಡಿದಳು. 'ಮಳೆ ಬಂದ್ರೆ ನಮ್ಮಪ್ಪನೂ ಜಾಸ್ತಿ ಕೇಳ್ತಾರೆ. ಆದ್ರೆ ಕೇಳೋ ಮುಂಚೆ ಎದುರಿಗಿರೋರ ಮುಖ ನೋಡ್ತಾರೆ. ಆ್ಯಪ್‌ಗೆ ಅದು ಬರಲ್ಲ, ಒಪ್ಕೋತೀನಿ.' ತನ್ನ ಪಕ್ಷಕ್ಕೆ ಕಷ್ಟವಾಗುವ ಮಾತನ್ನೂ ಆ ಮಗು ಮುಚ್ಚಿಡಲಿಲ್ಲ. ತೀರ್ಪುಗಾರರು ಅವಳ ತಂಡಕ್ಕೆ ಬಹುಮಾನ ಕೊಡಲಿಲ್ಲ, ನನ್ನ ಲೆಕ್ಕದಲ್ಲಿ ಆ ದಿನದ ಅತಿ ಒಳ್ಳೆಯ ಮಾತು ಅದೇ. ಹೊರಗೆ ಅವಳಪ್ಪ ಸಿಕ್ಕಿ, 'ಅವಳು ಹೇಳಿದ್ದು ನಿಜ ಮಿಸ್. ಗ್ಯಾಸ್ ರೇಟು ಹೇಳೋದು ಮಾತ್ರ ಬಿಟ್ಟುಬಿಟ್ಲು' ಅಂದರು. ಅಣ್ಣಾ, ಆ ರಾತ್ರಿಯ ಬಾಡಿಗೆ ನೀವು ಕೊನೆಗೂ ತೆಗೆದುಕೊಳ್ಳಲಿಲ್ಲ. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು ಆಗುತ್ತೆ ಅಂತ ನಿಮ್ಮ ಮಗಳೇ ನನಗೆ ಲೆಕ್ಕ ಕೊಟ್ಟಿದ್ದಾಳೆ.

ಅಕ್ಕಾ, ನಿಮಗೆ ಇದನ್ನು ಮಗಳು ಓದಿ ಹೇಳುತ್ತಾಳೆ ಅಂತ ಗೊತ್ತು. ನೀವು ಕಳೆದುಕೊಂಡ ಆ ಒಂದು ದಿನದ ವ್ಯಾಪಾರವನ್ನು ನಾನು ಮರೆಯುವುದಿಲ್ಲ. ಥ್ಯಾಂಕ್ಸ್ ಅಂದರೆ 'ಅದೇನು ಮಹಾ' ಅಂತ ಮಾತು ತಿರುಗಿಸುತ್ತೀರಿ, ಅದಕ್ಕೆ ಎಲ್ಲರ ಎದುರು ಹೇಳುತ್ತಿದ್ದೇನೆ. ನೀವು ಇದ್ದಿರಿ. ನಾನು ಈಗ ನಿಂತಿರುವುದು ಅದರಿಂದ.

ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ತರಗತಿ ಮತ್ತೆ ಶುರು. ಹೊಸ ವಿಷಯವನ್ನು ಮಕ್ಕಳೇ ಆರಿಸಿದ್ದಾರೆ: ಶಕ್ತಿ ಯೋಜನೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದೆ ಓಡಾಡುತ್ತಿದ್ದಾರಲ್ಲ, ಅದರ ಮೇಲೆ. ಬರುವ ಮೊದಲು ಪ್ರತಿ ಮಗುವೂ ಒಬ್ಬರು ಕಂಡಕ್ಟರ್ ಜೊತೆ, ದಿನಾ ಬಸ್ಸಿನಲ್ಲಿ ಹೋಗುವ ಒಬ್ಬ ಹೆಂಗಸಿನ ಜೊತೆ ಮಾತಾಡಿಕೊಂಡು ಬರಬೇಕು. ಕೊನೆಯ ದಿನದ ಚರ್ಚೆಗೆ ತೀರ್ಪುಗಾರರು ಅಕ್ಕನೇ. ಮೂರು ಸಲ ಬೇಡ ಅಂದು, ನಾಲ್ಕನೇ ಸಲ ಒಪ್ಪಿದ್ದಾರೆ.