ಟೆಂಡರ್ ನಿಯಮ ಬದಲಿಸುವ ಮುಂಚೆ ನಮ್ಮನ್ನೂ ಕೇಳಿ: ಆರ್ಥಿಕ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಆರ್ಥಿಕ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಸರ್ಕಾರಿ ಖರೀದಿಯ ಸುತ್ತೋಲೆ, ವಿನಾಯಿತಿ ಮತ್ತು ಷರತ್ತುಗಳ ಕರಡನ್ನು ಜನರ ಮುಂದೆ ಇಡುವ ಕುರಿತು.

ಮಾನ್ಯರೇ,

ನಮಸ್ಕಾರ. ನಾನು ಹುಬ್ಬಳ್ಳಿಯವನು. ಇಲ್ಲಿ ಒಂದು ಸಣ್ಣ ಘಟಕ ನಡೆಸುತ್ತೇನೆ. ಶಾಲೆಗಳಿಗೆ ಡೆಸ್ಕು, ಹಾಸ್ಟೆಲ್‌ಗಳಿಗೆ ಕಬ್ಬಿಣದ ಮಂಚ, ಕಚೇರಿಗಳಿಗೆ ಬೀರು ಮಾಡುತ್ತೇವೆ. ನಮ್ಮ ಗಿರಾಕಿಗಳಲ್ಲಿ ಸರ್ಕಾರಿ ಕಚೇರಿಗಳೇ ಜಾಸ್ತಿ. ಟೆಂಡರ್ ಸಿಕ್ಕಿದರೆ ಕೆಲಸಗಾರರಿಗೆ ಹೊತ್ತಿಗೆ ಸರಿಯಾಗಿ ಸಂಬಳ, ಸಿಗದಿದ್ದರೆ ಬ್ಯಾಂಕಿನಲ್ಲಿ ಸಾಲ.

ತಮ್ಮಲ್ಲಿ ಕೇಳುವುದು ಇಷ್ಟೇ. ಸರ್ಕಾರ ಏನನ್ನು, ಯಾರಿಂದ, ಹೇಗೆ ಕೊಳ್ಳಬೇಕು ಅನ್ನುವ ಒಳ ನಿಯಮಗಳನ್ನು ಬದಲಾಯಿಸುವ ಮುಂಚೆ ಅವುಗಳ ಕರಡನ್ನು ಎಲ್ಲರಿಗೂ ಕಾಣುವ ಹಾಗೆ ಇಡಿ. ಯಾಕೆ ಬದಲಾಯಿಸುತ್ತಿದ್ದೀರಿ ಅಂತ ಬರೆದು ತಿಳಿಸಿ. ನಮ್ಮ ಮಾತು ಕೇಳಿ, ಆಮೇಲೆ ಜಾರಿ ಮಾಡಿ. ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆಯನ್ನು ನೋಡಿಕೊಳ್ಳುವುದು ತಮ್ಮ ಆರ್ಥಿಕ ಇಲಾಖೆ. ಅದಕ್ಕೇ ಈ ಪತ್ರ ತಮಗೆ.

ಈ ವಿಷಯದಲ್ಲಿ ಕರ್ನಾಟಕ ಮೊದಲಿನಿಂದಲೂ ಮುಂದಿದೆ. ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ತಮಿಳುನಾಡು 1998ರಲ್ಲಿ ಟೆಂಡರ್ ಪಾರದರ್ಶಕತೆಗೆ ಕಾಯ್ದೆ ಮಾಡಿತು. ಅದರ ಬೆನ್ನಿಗೇ ನಮ್ಮಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಬಂತು. ಕಚೇರಿಗಳಲ್ಲಿ ಎಲ್ಲರೂ ಕೆಟಿಪಿಪಿ ಅನ್ನುವುದು ಇದನ್ನೇ. 2000ರಲ್ಲಿ ಇದು ಜಾರಿಯಾಯಿತು, ನಿಯಮಗಳೂ ಬಂದವು. ರಾಜಸ್ಥಾನ ಇಂಥ ಕಾಯ್ದೆ ಮಾಡಿದ್ದು 2012ರಲ್ಲಿ. ಕೇಂದ್ರದಲ್ಲಿ ಅದೇ 2012ರಲ್ಲಿ ಮಂಡನೆಯಾದ ಮಸೂದೆ ಪಾಸೇ ಆಗಲಿಲ್ಲ. ಅಲ್ಲಿ ಇವತ್ತಿಗೂ ಜನರಲ್ ಫೈನಾನ್ಶಿಯಲ್ ರೂಲ್ಸ್ ಅನ್ನುವ ಹಣಕಾಸು ನಿಯಮಗಳು ಮತ್ತು ಕೈಪಿಡಿಗಳ ಮೇಲೆಯೇ ಖರೀದಿ ನಡೆಯುತ್ತದೆ. ಟೆಂಡರ್ ಇಲ್ಲದೆ ಸರ್ಕಾರ ಕೊಳ್ಳುವಂತಿಲ್ಲ ಅಂತ ಕಾನೂನಿನಲ್ಲೇ ಬರೆದುಕೊಂಡ ಕೆಲವೇ ರಾಜ್ಯಗಳಲ್ಲಿ ನಮ್ಮದೂ ಒಂದು.

ಆದರೆ ಕಾಯ್ದೆಯ ಕೆಳಗೆ ಇನ್ನೂ ಹಲವು ಮೆಟ್ಟಿಲುಗಳಿವೆ. ಕಾಯ್ದೆಯನ್ನೇ ತಿದ್ದುವುದಾದರೆ ಸದನದಲ್ಲಿ ಚರ್ಚೆ ಆಗುತ್ತದೆ, ಪತ್ರಿಕೆಗಳು ಬರೆಯುತ್ತವೆ. 2025ರಲ್ಲಿ ಗುತ್ತಿಗೆ ಮೀಸಲಾತಿಯ ತಿದ್ದುಪಡಿ ಬಂದಾಗ ಎಷ್ಟು ದಿನ ಅದೇ ಸುದ್ದಿ ಇತ್ತು ಅಂತ ತಮಗೆ ಗೊತ್ತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದರು. ಆ ತಿದ್ದುಪಡಿಯ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ. ಕಾಯ್ದೆಗೆ ಕೈ ಹಾಕಿದರೆ ಇಡೀ ರಾಜ್ಯ ನೋಡುತ್ತದೆ ಅನ್ನುವುದಷ್ಟೇ ಮಾತು. ಅದರ ಕೆಳಗಿನ ಸುತ್ತೋಲೆ, ವಿನಾಯಿತಿಯ ಅಧಿಸೂಚನೆ, ಮಾದರಿ ಟೆಂಡರ್ ದಾಖಲೆ, ಇಲಾಖೆಗಳು ತಾವೇ ಸೇರಿಸುವ ಅರ್ಹತೆಯ ಷರತ್ತು, ಇವು ಬದಲಾದಾಗ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮಂಥವರು ಒಳಗೋ ಹೊರಗೋ ಅಂತ ತೀರ್ಮಾನ ಆಗುವುದು ಮಾತ್ರ ಅಲ್ಲೇ.

ನನಗೇ ಆದ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಚೇರಿ ಹಾಸ್ಟೆಲ್ ಮಂಚಗಳಿಗೆ ಟೆಂಡರ್ ಕರೆಯಿತು. ಹಿಂದೆಯೂ ಅದೇ ಕಚೇರಿಗೆ ನಾವು ಮಂಚ ಕೊಟ್ಟಿದ್ದೆವು. ಈ ಸಲ ವಾರ್ಷಿಕ ವಹಿವಾಟಿನ ಮಿತಿ ಒಮ್ಮೆಲೇ ಮೇಲೇರಿತ್ತು. ಇಂಥದ್ದೇ ಸರಬರಾಜನ್ನು ಒಂದೇ ಆದೇಶದಲ್ಲಿ, ಇಷ್ಟು ದೊಡ್ಡ ಮೊತ್ತಕ್ಕೆ ಮಾಡಿರಬೇಕು ಅಂತಲೂ ಇತ್ತು. ನಾವು ಕೊಟ್ಟಿದ್ದೆಲ್ಲ ಸಣ್ಣ ಸಣ್ಣ ಆದೇಶಗಳು. ಎಲ್ಲ ಕೂಡಿಸಿದರೆ ಮೊತ್ತ ದೊಡ್ಡದೇ. ಆದರೆ ‘ಒಂದೇ ಆದೇಶ’ ಅನ್ನುವ ಎರಡು ಪದ ನಮ್ಮನ್ನು ಹೊರಗಿಟ್ಟಿತು. ಟೆಂಡರ್ ಹಾಕುವ ಮುಂಚೆ ಅನುಮಾನ ಕೇಳಲು ಕರೆಯುವ ಪ್ರೀ-ಬಿಡ್ ಸಭೆಯಲ್ಲಿ ಎದ್ದು ಕೇಳಿದೆ. ‘ಮೇಲಿನಿಂದ ಸುತ್ತೋಲೆ ಬಂದಿದೆ’ ಅಂದರು. ಪ್ರತಿ ಕೊಡಿ ಅಂದೆ. ಅವರ ಹತ್ತಿರ ಇರಲಿಲ್ಲ. ಕೊನೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಪಡೆದೆ. ಸುತ್ತೋಲೆಯಲ್ಲಿ ಹೊಸ ಷರತ್ತು ಇತ್ತು, ಅದು ಯಾಕೆ ಬೇಕಾಯಿತು ಅನ್ನುವ ಒಂದು ಸಾಲೂ ಇರಲಿಲ್ಲ. ಅಷ್ಟು ಹೊತ್ತಿಗೆ ಮಂಚಗಳು ಬೇರೆಯವರಿಂದ ಬಂದು ಹಾಸ್ಟೆಲ್ ಸೇರಿದ್ದವು.

ಆ ಸಭೆಯಲ್ಲಿದ್ದ ಅಧಿಕಾರಿ ಒಳ್ಳೆಯವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಆ ಷರತ್ತಿನ ಹಿನ್ನೆಲೆ ಗೊತ್ತಿರಲಿಲ್ಲ. ನಿಯಮ ಪಾಲಿಸುವವರಿಗೇ ಅದರ ಕಾರಣ ಗೊತ್ತಿಲ್ಲದಿದ್ದರೆ ಹೇಗೆ, ಹೇಳಿ?

ಟೆಂಡರ್ ಅಂಗೀಕಾರದ ಆದೇಶ ಸರಿಯಿಲ್ಲ ಅನ್ನಿಸಿದರೆ ಕಾಯ್ದೆಯ 16ನೇ ಪ್ರಕರಣದ ಪ್ರಕಾರ ಮೇಲ್ಮನವಿ ಸಲ್ಲಿಸಬಹುದು. ಸುತ್ತೋಲೆಯೇ ಸರಿಯಿಲ್ಲದಿದ್ದರೆ? ಆಗ ರಿಟ್ ಅರ್ಜಿ ಹಿಡಿದು ಹೈಕೋರ್ಟಿಗೇ ಹೋಗಬೇಕು. ನಮಗೆ ಧಾರವಾಡ ಪೀಠ ಹತ್ತಿರವೇನೋ ಇದೆ. ಆದರೆ ಡೆಸ್ಕು ಮಾರಿ ಉಳಿಯುವ ದುಡ್ಡಿನಲ್ಲಿ ವಕೀಲರ ಶುಲ್ಕ ಕಟ್ಟುವುದು ಎಷ್ಟು ಜನರಿಗೆ ಆಗುತ್ತದೆ? ಕರಡಿನ ಹಂತದಲ್ಲೇ ಕೇಳಿದ್ದರೆ ಒಂದು ಪುಟದ ಪತ್ರ ಸಾಕಾಗುತ್ತಿತ್ತು.

ಈಗ 4(ಜಿ) ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ಕಾಯ್ದೆಯ 4ನೇ ಪ್ರಕರಣದಲ್ಲಿ ಟೆಂಡರ್ ಬೇಡದ ಸಂದರ್ಭಗಳ ಪಟ್ಟಿ ಇದೆ. ನೈಸರ್ಗಿಕ ವಿಕೋಪ ಅಥವಾ ಸರ್ಕಾರ ಘೋಷಿಸಿದ ತುರ್ತು ಸ್ಥಿತಿ ಒಂದು. ಒಬ್ಬರಲ್ಲಿ ಮಾತ್ರ ಸಿಗುವ ವಸ್ತು ಇನ್ನೊಂದು. ಸಣ್ಣ ಮೊತ್ತದ ಕೆಲಸ ಮತ್ತೊಂದು. ಇವೆಲ್ಲ ಯಾರಿಗೂ ಅರ್ಥವಾಗುವ ಕಾರಣಗಳು. 4(ಜಿ) ಹಾಗಲ್ಲ. ಸರ್ಕಾರ ಆಗಾಗ ಅಧಿಸೂಚನೆ ಹೊರಡಿಸಿ ಯಾವುದೇ ನಿರ್ದಿಷ್ಟ ಖರೀದಿಯನ್ನು ಟೆಂಡರ್‌ನಿಂದ ಹೊರಗಿಡಬಹುದು ಅನ್ನುತ್ತದೆ ಅದು. ಅಂಥ ಅಧಿಕಾರ ಸರ್ಕಾರಕ್ಕೆ ಇರಬಾರದು ಅಂತ ನಾನು ವಾದಿಸುವುದಿಲ್ಲ. ಕೆಲವೊಮ್ಮೆ ನಿಜಕ್ಕೂ ಬೇಕಾಗುತ್ತದೆ. ಆದರೆ ಅದು ರೂಢಿಯಾಗಿ ಹೋಗಿದೆ. ಕಟ್ಟಡ, ರಸ್ತೆ ಅಂದರೆ ಮೊದಲು ಭೂಸೇನಾ ನಿಗಮವಾಗಿದ್ದ, ಸರ್ಕಾರದ್ದೇ ಆದ ಕೆಆರ್‌ಐಡಿಎಲ್, ಇಲ್ಲವೇ ನಿರ್ಮಿತಿ ಕೇಂದ್ರ. ಕಂಪ್ಯೂಟರ್ ಅಂದರೆ ಸರ್ಕಾರಿ ಕಂಪನಿ ಕಿಯೋನಿಕ್ಸ್. ಮತ್ತೆ ಮತ್ತೆ ಕೇಳುವುದು ಇವೇ ಹೆಸರುಗಳು. ಟೆಂಡರ್ ಇಲ್ಲದೆ ಕೆಲಸ ವಹಿಸುವುದಕ್ಕೆ ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ ವರದಿಗಳಲ್ಲೂ ಆಕ್ಷೇಪ ಬಂದಿದೆ.

ನಾನು ಓದಿದಷ್ಟು ಅಧಿಸೂಚನೆಗಳಲ್ಲಿ ಕಾರಣಕ್ಕೆ ಒಂದೆರಡು ಸಾಲಿಗಿಂತ ಜಾಸ್ತಿ ಜಾಗ ಸಿಕ್ಕಿಲ್ಲ. ಯಾವ ಸಂಸ್ಥೆಗೆ, ಎಷ್ಟು ಮೊತ್ತಕ್ಕೆ, ಯಾವ ಕೆಲಸಕ್ಕೆ ಅಂತ ಇರುತ್ತದೆ. ಟೆಂಡರ್ ಕರೆದಿದ್ದರೆ ಏನು ತೊಂದರೆ ಆಗುತ್ತಿತ್ತು? ಮಾರುಕಟ್ಟೆ ದರ ವಿಚಾರಿಸಿದ್ದಾರಾ? ಕೆಲಸ ಮುಗಿದ ಮೇಲೆ ಖರ್ಚು ಸರ್ಕಾರದ ದರಪಟ್ಟಿಯ (ಎಸ್‌ಆರ್) ದರಕ್ಕಿಂತ ಮೇಲಾಯಿತಾ, ಕೆಳಗಾಯಿತಾ? ಇದ್ಯಾವುದೂ ಅಲ್ಲಿ ಸಿಗುವುದಿಲ್ಲ. ಕಡತದೊಳಗೆ ಉತ್ತರ ಇರಬಹುದು. ದುಡ್ಡು ತೆರಿಗೆ ಕಟ್ಟುವವರದ್ದು ಅಲ್ವಾ, ಉತ್ತರವೂ ಅವರಿಗೆ ಕಾಣಬೇಕು.

ಮೊತ್ತದ ಮಿತಿಗಳ ಕಥೆ ಬೇರೆಯೇ. 5 ಲಕ್ಷ ರೂಪಾಯಿ ಒಳಗಿನ ಕಾಮಗಾರಿಗೆ ಟೆಂಡರ್ ಬೇಕಿಲ್ಲ. ಹಳ್ಳಿಯ ಸಣ್ಣ ಚರಂಡಿಗೆ, ಶಾಲೆಯ ಹೆಂಚು ರಿಪೇರಿಗೆ ಇದು ಅನುಕೂಲವೇ. ಆದರೆ ದೊಡ್ಡ ಕೆಲಸವನ್ನು ಒಡೆದು 4 ಲಕ್ಷದ 90 ಸಾವಿರದ ತುಂಡುಗಳನ್ನಾಗಿ ಮಾಡುವ ದಾರಿಯೂ ಅದೇ. ‘ತುಂಡು ಗುತ್ತಿಗೆ’ ಅಂದರೆ ಯಾವ ತಾಲ್ಲೂಕಿನಲ್ಲಿ ಕೇಳಿದರೂ ಗೊತ್ತು. ಇನ್ನೊಂದು ತುದಿಯಲ್ಲಿ ಪ್ಯಾಕೇಜ್ ಟೆಂಡರ್. ಹತ್ತಾರು ಊರುಗಳ ಕೆಲಸವನ್ನು ಒಂದೇ ಗಂಟು ಕಟ್ಟಿ ಕರೆಯುತ್ತಾರೆ, ಸ್ಥಳೀಯ ಗುತ್ತಿಗೆದಾರ ಅರ್ಜಿ ಹಾಕುವ ಅರ್ಹತೆಯನ್ನೇ ಕಳೆದುಕೊಳ್ಳುತ್ತಾನೆ. ಮಿತಿ ಎಷ್ಟಿರಬೇಕು, ಒಡೆಯುವುದನ್ನು ಹೇಗೆ ತಡೆಯಬೇಕು, ಪ್ಯಾಕೇಜ್ ಯಾವಾಗ ಸರಿ, ಇದರ ಬಗ್ಗೆ ಕಾಮಗಾರಿ ಮಾಡುವವರ ಹತ್ತಿರ, ಪಂಚಾಯ್ತಿ ಸದಸ್ಯರ ಹತ್ತಿರ ಬೇಕಾದಷ್ಟು ತಿಳಿವಳಿಕೆ ಇದೆ. ಕೇಳಿದರೆ ಹೇಳುತ್ತಾರೆ.

ಸಮಯದ ನಿಯಮವನ್ನೂ ಹೀಗೇ ನೋಡಿ. 2000ರಲ್ಲಿ ನಿಯಮ ಬರೆದವರು 2 ಕೋಟಿವರೆಗಿನ ಟೆಂಡರ್‌ಗೆ ಕನಿಷ್ಠ 30 ದಿನ, ಅದಕ್ಕೂ ಮೇಲಿನದಕ್ಕೆ 60 ದಿನ ಕಾಲಾವಕಾಶ ಇಟ್ಟರು. ಕಡಿಮೆ ಮಾಡುವುದಾದರೆ ಮೇಲಿನ ಅಧಿಕಾರಿ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು ಅಂದರು. ಎಷ್ಟು ಒಳ್ಳೆಯ ಯೋಚನೆ! ದೂರದ ಊರಿನ ಸಣ್ಣವನಿಗೂ ಲೆಕ್ಕ ಹಾಕಿ, ಟೆಂಡರ್ ಜೊತೆ ಇಡಬೇಕಾದ ಠೇವಣಿ (ಇಎಂಡಿ) ಹೊಂದಿಸಲು ಹೊತ್ತು ಸಿಗಲಿ ಅನ್ನುವ ಕಾಳಜಿ ಅದರಲ್ಲಿದೆ. ಆದರೆ ಮಾರ್ಚ್ ಹತ್ತಿರ ಬಂತೆಂದರೆ ಅಲ್ಪಾವಧಿ ಟೆಂಡರ್‌ಗಳ ಸಾಲು. ದಾಖಲಿಸಿದ ಕಾರಣ ಟೆಂಡರ್ ಜೊತೆಗೇ ಸರ್ಕಾರದ ಖರೀದಿ ಪೋರ್ಟಲ್‌ನಲ್ಲಿ ಕಾಣುವಂತಿದ್ದರೆ ಅರ್ಧಕ್ಕರ್ಧ ಅಲ್ಪಾವಧಿ ಟೆಂಡರ್‌ಗಳು ತಾವಾಗಿಯೇ ನಿಲ್ಲುತ್ತವೆ ಅಂತ ನನ್ನ ನಂಬಿಕೆ.

ತಮ್ಮ ಅಧಿಕಾರಿಗಳು ಏನು ಹೇಳಬಹುದು ಅಂತ ಊಹಿಸಬಲ್ಲೆ. ಪ್ರತಿ ಸುತ್ತೋಲೆಗೂ ಜನರನ್ನು ಕೇಳುತ್ತಾ ಕೂತರೆ ಕೆಲಸ ಆಗುವುದಿಲ್ಲ ಅನ್ನುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂದಾಗ, 2020ರಲ್ಲಿ ಕೊರೊನಾ ಬಂದಾಗ ಕಾಯುವ ಹೊತ್ತು ಅದಲ್ಲ. ಅಂಥ ಹೊತ್ತಿಗೆ, ವಿಕೋಪ ಮತ್ತು ತುರ್ತು ಸ್ಥಿತಿಯಲ್ಲಿ ಟೆಂಡರ್ ಬೇಡ ಅನ್ನುವ ಕಾಯ್ದೆಯ 4(ಎ) ಇದ್ದೇ ಇದೆ. ಸಾಮಾನ್ಯ ದಿನಗಳಲ್ಲಿ ಡೆಸ್ಕು, ಮಂಚ, ಸಮವಸ್ತ್ರ, ಶೂ ಕೊಳ್ಳುವ ಷರತ್ತು ಬದಲಾಯಿಸಲು ಒಂದು ತಿಂಗಳು ಕಾದರೆ ಏನೂ ಕೆಡುವುದಿಲ್ಲ. ನೌಕರರ ವೃಂದ ಮತ್ತು ನೇಮಕಾತಿ ನಿಯಮ ತಿದ್ದುವಾಗ ರಾಜ್ಯಪತ್ರದಲ್ಲಿ ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತೀರಿ. ಆ ಪದ್ಧತಿ ತಮ್ಮ ಕಚೇರಿಗಳಿಗೆ ಹೊಸದಲ್ಲ. ಕೇಂದ್ರ ಸರ್ಕಾರವೂ 2014ರಲ್ಲಿ ಶಾಸನಪೂರ್ವ ಸಮಾಲೋಚನೆಯ ನೀತಿ ತಂದು, ಕರಡುಗಳನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕು ಅಂತ ಹೇಳಿತು. ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಇನ್ನೂ ನೇರವಾಗಿದೆ. ಜನರಿಗೆ ತಟ್ಟುವ ಮುಖ್ಯ ನೀತಿ ರೂಪಿಸುವಾಗ ಅದಕ್ಕೆ ಸಂಬಂಧಿಸಿದ ಎಲ್ಲ ಸಂಗತಿಗಳನ್ನೂ ಪ್ರಕಟಿಸಬೇಕು ಅನ್ನುತ್ತದೆ.

ದೊಡ್ಡ ಕಂಪನಿಗಳೇ ಸಲಹೆ ಕೊಟ್ಟು ನಿಯಮವನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆ ಅನ್ನುವ ಭಯವೂ ಕೆಲವರಿಗೆ ಇದೆ. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ವಿಧಾನಸೌಧದ ಬಾಗಿಲವರೆಗೆ ಹೋಗುವ ಶಕ್ತಿ ಇರುವವರು ಈಗಲೂ ಹೋಗುತ್ತಾರೆ. ಬಂದ ಸಲಹೆಗಳನ್ನೆಲ್ಲ ಕಳಿಸಿದವರ ಹೆಸರಿನ ಸಮೇತ ಪ್ರಕಟಿಸಿದರೆ ಯಾರು ಏನು ಕೇಳಿದರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಅದರಿಂದ ತಮ್ಮ ಅಧಿಕಾರಿಗಳಿಗೂ ರಕ್ಷಣೆ.

ಇನ್ನೊಂದು ಸಣ್ಣ ಬೇಡಿಕೆ ಇದೆ, ಸಣ್ಣದಾದರೂ ತುಂಬಾ ಬೇಕಾದದ್ದು. ಇವತ್ತು ಯಾವ ಸುತ್ತೋಲೆ ಜಾರಿಯಲ್ಲಿದೆ, ಯಾವುದು ರದ್ದಾಗಿದೆ ಅಂತ ಒಂದೇ ಕಡೆ ನೋಡಲು ಆಗುವುದಿಲ್ಲ. ಒಂದು ಸುತ್ತೋಲೆ ಹಿಂದಿನದನ್ನು ಉಲ್ಲೇಖಿಸುತ್ತದೆ, ಅದು ಇನ್ನೂ ಹಿಂದಿನದನ್ನು. ಕೆಲವು ಸ್ಕ್ಯಾನ್ ಪ್ರತಿಗಳಂತೂ ಓದಲೂ ಆಗುವುದಿಲ್ಲ. ತಿದ್ದುಪಡಿಗಳನ್ನೆಲ್ಲ ಸೇರಿಸಿದ ಒಂದೇ ಪಠ್ಯ, ಕನ್ನಡದಲ್ಲಿ, ಖರೀದಿ ಪೋರ್ಟಲ್‌ನಲ್ಲೇ ಇರಲಿ. ಟೆಂಡರ್ ದಾಖಲೆಯ ಇಂಗ್ಲಿಷ್ ಷರತ್ತುಗಳನ್ನು ಓದಿಸಲು ನಮ್ಮ ಕೈಗಾರಿಕಾ ವಸಾಹತಿನ ಎಷ್ಟೋ ಜನ ಇವತ್ತಿಗೂ ಯಾರದ್ದೋ ಮನೆಗೆ ಹೋಗುತ್ತಾರೆ. ವೆಲ್ಡಿಂಗ್‌ನಲ್ಲಿ ಅವರನ್ನು ಮೀರಿಸುವವರು ಸಿಗುವುದು ಕಷ್ಟ. ಅವರು ಸೋಲುವುದು ಕಾಗದದಲ್ಲಿ.

ಇದೆಲ್ಲ ಶುರು ಮಾಡಲು ಕಾಯ್ದೆ ತಿದ್ದಬೇಕಾಗಿಲ್ಲ. ತಮ್ಮ ಇಲಾಖೆಯ ಒಂದು ಆದೇಶ ಸಾಕು. ಇನ್ನು ಮೇಲೆ ಖರೀದಿಗೆ ಸಂಬಂಧಿಸಿದ ಯಾವ ಸುತ್ತೋಲೆಯಾದರೂ, ಯಾವ ಮಾದರಿ ದಾಖಲೆಯ ತಿದ್ದುಪಡಿಯಾದರೂ 30 ದಿನ ಕರಡಾಗಿ ಪೋರ್ಟಲ್‌ನಲ್ಲಿರಲಿ, ಕಾರಣದ ಟಿಪ್ಪಣಿ ಜೊತೆಗಿರಲಿ. 4(ಜಿ) ವಿನಾಯಿತಿ ಕೊಡುವ ಮುಂಚೆ ಕನಿಷ್ಠ ಒಂದು ವಾರ ಪ್ರಸ್ತಾವನೆ ಹೊರಗೆ ಕಾಣಲಿ. ಕೊಟ್ಟ ವಿನಾಯಿತಿಗಳ ಪಟ್ಟಿ, ಕೊನೆಗೆ ಆದ ಖರ್ಚಿನ ಸಮೇತ, ಪ್ರತಿ ಅಧಿವೇಶನದಲ್ಲಿ ಸದನದ ಮುಂದೆ ಬರಲಿ.

ಶಾಲೆ ಡೆಸ್ಕಿನ ಷರತ್ತುಗಳಿಂದಲೇ ಬೇಕಾದರೆ ಶುರು ಮಾಡಿ. ಕರಡು ಹೊರಗೆ ಬಂದ ವಾರದೊಳಗೆ ನಾನೂ, ಇಲ್ಲಿನ ಬೇರೆ ಘಟಕದವರೂ ಕೂತು ಓದಿ, ಯಾವ ದಪ್ಪದ ಪೈಪ್ ಎಷ್ಟು ವರ್ಷ ಬಾಳುತ್ತದೆ, ಯಾವ ಷರತ್ತಿನಿಂದ ಮಕ್ಕಳಿಗೆ ಉಪಯೋಗ, ಯಾವುದರಿಂದ ಇಲ್ಲ ಅಂತ ಬರೆದು ಕಳಿಸುತ್ತೇವೆ. ಯಾವ ವಿಳಾಸಕ್ಕೆ ಕಳಿಸಬೇಕು ಅಂತ ದಯವಿಟ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಣ್ಣ ಉದ್ದಿಮೆದಾರ
ಹುಬ್ಬಳ್ಳಿ