ಆಕ್ಸಿಡೆಂಟ್ ಪರಿಹಾರದಲ್ಲಿ ವಕೀಲರ ಫೀಸು ಎಷ್ಟು ಅಂತ ಜಡ್ಜೇ ಕೇಳ್ಲಿ: ಪೊನ್ನಣ್ಣ ಸರ್‌ಗೆ ಒಂದು ಬಹಿರಂಗ ಪತ್ರ

ವಿರಾಜಪೇಟೆ ಶಾಸಕರಾದ ಎ.ಎಸ್. ಪೊನ್ನಣ್ಣ ಸರ್ ಅವರಿಗೆ ನಮಸ್ಕಾರ.

ನೀವು ಹಿರಿಯ ವಕೀಲರು, ಮುಖ್ಯಮಂತ್ರಿಗಳಿಗೆ ಕಾನೂನು ಸಲಹೆ ಕೊಟ್ಟವರು, ಅದಕ್ಕೇ ಇದನ್ನ ನಿಮಗೇ ಬರೀತಿದ್ದೀನಿ. ಕಾಫಿ ಕೊಯ್ಲಿನ ಟೈಮಲ್ಲಿ ಗೋಣಿಕೊಪ್ಪ, ತಿತಿಮತಿ ಕಡೆ ಜೀಪು, ಪಿಕಪ್‌ಗಳಲ್ಲಿ ಆಳುಗಳನ್ನ ಹೇಗೆ ತುಂಬ್ಕೊಂಡು ಹೋಗ್ತಾರೆ ಅಂತ ನಿಮಗೆ ಗೊತ್ತು. ಗಾಡಿ ಮಗುಚಿ ಕೈಕಾಲು ಮುರಿದ್ರೆ ಕ್ಲೇಮ್ ಕೇಸು ಹಾಕ್ತಾರೆ, ವರ್ಷಗಟ್ಟಲೆ ಆದ್ಮೇಲೆ ದುಡ್ಡು ಬರುತ್ತೆ, ಆದ್ರೆ ಅದರಲ್ಲಿ ವಕೀಲರಿಗೆ ಎಷ್ಟು ಹೋಯ್ತು ಅನ್ನೋದು ಕೋರ್ಟಿನ ಫೈಲಲ್ಲಿ ಇರಲ್ಲ.

ಪಕ್ಕದ ತೋಟದ ಲೈನ್ ಮನೇಲಿರೋ ಒಬ್ಬ ಹೆಂಗಸಿನ ಪಾಸ್‌ಬುಕ್ ನೋಡ್ದೆ. ಪರಿಹಾರ ಜಮಾ ಆಗಿದೆ, ಅದರ ಕೆಳಗಿನ ಸಾಲಲ್ಲೇ ಮೂರರಲ್ಲಿ ಒಂದು ಪಾಲು ಚೆಕ್ ಮೇಲೆ ಹೋಗಿದೆ. ಕೇಸ್ ಹಾಕೋವಾಗ್ಲೇ ಖಾಲಿ ಚೆಕ್‌ಗೆ ಸೈನ್ ಹಾಕಿಸ್ಕೊಂಡಿದ್ರಂತೆ, ರಶೀದಿ ಇಲ್ಲ. ಕುಂಟ್ಕೊಂಡೇ ಮೆಣಸು ಬಿಡಿಸೋಕೆ ಹೋಗ್ತಿದ್ದಾಳೆ ಪಾಪ. ಪರ್ಸೆಂಟೇಜ್ ಕೊಡೋದೇ ಕಾನೂನು ಅಂತ ಅವಳೂ ನಂಬಿದ್ಳು.

ಅಲ್ಲ ಅಂತ ನಿಮಗೆ ಹೇಳ್ಬೇಕಾಗಿಲ್ಲ. ಗೆದ್ದ ದುಡ್ಡಲ್ಲಿ ಪಾಲು ತಗೋಬಾರ್ದು ಅಂತ ಬಾರ್ ಕೌನ್ಸಿಲ್ ನಿಯಮಾನೇ ಇದೆ. 2017ರ ಡಿಸೆಂಬರಲ್ಲಿ ತೆಲಂಗಾಣದ ಒಂದು ಕೇಸಲ್ಲಿ, ಅದೂ ಆಕ್ಸಿಡೆಂಟ್ ಪರಿಹಾರದ್ದೇ, ಫೀಸಿಗೆ ಅಂತ ತಗೊಂಡ ಚೆಕ್ ಬೌನ್ಸ್ ಆಗಿ ವಕೀಲರೇ ಕೇಸ್ ಹಾಕಿದ್ರು, ಸುಪ್ರೀಂ ಕೋರ್ಟು ಪರ್ಸೆಂಟೇಜ್ ಫೀಸು ಸಾರ್ವಜನಿಕ ನೀತಿಗೆ ವಿರುದ್ಧ ಅಂತ ಹೇಳಿ ಆ ಚೆಕ್ ಕೇಸನ್ನೇ ರದ್ದು ಮಾಡ್ತು. ಪಾಲು ತಗೊಳ್ಳೋಕೆ ಅವಕಾಶ ಇರೋ ಅಮೆರಿಕದಲ್ಲೂ ಫೆಡರಲ್ ಸರ್ಕಾರದ ಮೇಲೆ ಗಾಯದ ಕೇಸು ಹಾಕಿದ್ರೆ ಫೀಸು 25 ಪರ್ಸೆಂಟ್ ದಾಟಂಗಿಲ್ಲ.

ವಕೀಲರಿಗೆ ದುಡ್ಡೇ ಬೇಡ ಅಂತಿಲ್ಲ ಸರ್. ಕೈಯಿಂದ ಖರ್ಚು ಹಾಕಿ, ಡಾಕ್ಟ್ರನ್ನ ಸಾಕ್ಷಿಗೆ ಕರೆಸಿ ಓಡಾಡೋ ವಕೀಲರು ನಮ್ಮಲ್ಲೂ ಇದ್ದಾರೆ, ಅವರ ಶ್ರಮಕ್ಕೆ ತಕ್ಕ ಫೀಸು ಸಿಗ್ಲೇಬೇಕು. ತಕ್ಕದ್ದು ಎಷ್ಟು ಅಂತ ಜಡ್ಜ್ ನೋಡ್ಲಿ ಅಷ್ಟೆ. ಮೋಟಾರು ವಾಹನ ಕಾಯ್ದೆಯ 176ನೇ ಸೆಕ್ಷನ್‌ನಲ್ಲಿ, ಆಕ್ಸಿಡೆಂಟ್ ಕ್ಲೇಮ್ ಕೇಸು ನಡೆಸೋ ಟ್ರಿಬ್ಯೂನಲ್‌ಗಳಿಗೆ ನಿಯಮ ಮಾಡೋ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ದುಡ್ಡು ಬಿಡೋ ಮುಂಚೆ ಗಾಯ ಆದವರನ್ನೇ ಕರೆದು, ಅವರಿಗೆ ಅರ್ಥ ಆಗೋ ಭಾಷೇಲಿ, ಫೀಸು ಎಷ್ಟು ಮಾತಾಡಿದ್ದೀರಿ, ಚೆಕ್ ಏನಾದ್ರೂ ಕೊಟ್ಟಿದ್ದೀರಾ ಅಂತ ಕೇಳಿ ಬರ್ಕೊಳ್ಳೋ ಹಾಗೆ ಆಗ್ಬೇಕು.

ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನ ಕೊಡ್ಬೇಕು ಅಂತ 1987ರ ಕಾನೂನು ಸೇವೆಗಳ ಕಾಯ್ದೆ ಇದೆ, ಯರವ, ಕುರುಬ ಬುಡಕಟ್ಟಿನ ಆಳುಗಳಿಗೆ ಇದನ್ನ ಹೇಳೋರೇ ಇಲ್ಲ. ಆಸ್ಪತ್ರೆ ವಾರ್ಡಲ್ಲಿ ಏಜೆಂಟ್ ಬಂದು ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿಸ್ಕೊಳ್ಳೋ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು ಅಲ್ಲಿರ್ಬೇಕು. ವಿಧಾನಸಭೇಲಿ ಇದನ್ನ ಎತ್ತಿ ಸರ್, ಅದಕ್ಕೂ ಮೊದ್ಲು ಮಡಿಕೇರೀಲಿ ಒಂದು ಮೀಟಿಂಗ್ ಕರೀರಿ, ವಕೀಲರ ಸಂಘದವರನ್ನೂ ಕೂರಿಸ್ಕೊಳ್ಳಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ